ತಲೆಕೆಳಗಿನ ಹೊಳೆ

“ಇದಕ್ಕೆ ತಲೆ ಯಾವ ಕಡೆ, ಕಾಲು ಯಾವ ಕಡೆ?”

ಹೆಂಡತಿ ಕೇಳಿದ್ದು ಯಾರನ್ನೂ ಅಲ್ಲ. ಒಗೆದ ಹೊದಿಕೆಯನ್ನು ರಜಾಯಿಗೆ ತೊಡಿಸಲು ಹೋಗಿ, ಮೂಲೆ ಹುಡುಕುತ್ತ ತಾನೇ ಅರ್ಧ ಅದರೊಳಗೆ ಹೊಕ್ಕಿದ್ದಳು. ಮಾತು ಬಟ್ಟೆಯ ಒಳಗಿನಿಂದ ಬಂದದ್ದರಿಂದ ಯಾವುದೋ ಗುಹೆ ಬಾಯಿಬಿಟ್ಟು ಕೇಳಿದ ಹಾಗಿತ್ತು. ಬಚ್ಚಲಿನ ಕನ್ನಡಿಯೆದುರು ಗದ್ದಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದ ಮೇಸ್ತ್ರಿಯ ಕೈ ಅಲ್ಲೇ ತಡೆಯಿತು. ಇವಳಿಗೆ ಯಾರು ಹೇಳಿದರು? ಹತ್ತೊಂಬತ್ತು ವರ್ಷದಿಂದ ಹೆಂಡತಿಗೆ ಹೇಳದೆ, ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗಲೂ ಬಾಯಿ ಬಿಡದೆ, ಎದೆಯ ಒಂದು ಮೂಲೆಯಲ್ಲಿ ಮಡಚಿಟ್ಟಿದ್ದ ಮಾತು ಇವತ್ತು, ಇವತ್ತೇ, ರಜಾಯಿಯ ಬಾಯಿಂದ ಹೊರಬಿತ್ತಲ್ಲ ಅನ್ನಿಸಿ ರೇಜರು ಒಂದಿಷ್ಟು ಜಾರಿತು. ನೊರೆಯ ಬಿಳುಪಿನ ಮೇಲೆ ತೆಳ್ಳಗಿನ ಕೆಂಪು ಗೆರೆಯೊಂದು ಓರೆಯಾಗಿ ಇಳಿಯಿತು. ಓರೆಯಾದ ಕೆಂಪು ಗೆರೆ ಎಲ್ಲಿ ಕಂಡರೂ ಅವನಿಗೆ ಮ್ಯೂಸಿಯಮ್ಮಿನ ಆ ಕಲ್ಲು ನೆನಪಾಗದೆ ಇರುತ್ತಿರಲಿಲ್ಲ.

“ಏನ್ರೀ, ಸದ್ದೇ ಇಲ್ಲ? ಕೊಯ್ಕೊಂಡ್ರಾ?”

“ಇಲ್ಲ.”

“ಅಬ್ಬಾ! ಇಲ್ಲ ಅನ್ನೋ ಮಾತು ನಿಮ್ಮ ಬಾಯಲ್ಲೂ ಬರುತ್ತೆ ಅಂತಾಯ್ತು.” ಹೆಂಡತಿ ರಜಾಯಿಯಿಂದ ತಲೆ ಹೊರಗೆ ಹಾಕಿದಳು. ಕೂದಲೆಲ್ಲ ಎದ್ದು ನಿಂತಿತ್ತು. “ನಮ್ಮಣ್ಣ ಏಣಿ ಕೇಳಿದಾಗ ಈ ಮಾತು ಎಲ್ಲಿ ಅಡಗಿಕೊಂಡಿತ್ತೋ!”

ಏಣಿ ಹೋಗಿ ಆರು ವರ್ಷವಾಗಿತ್ತು. ಹೆಂಡತಿಯ ಅಣ್ಣ ಒಂದು ಬಲ್ಬು ಬದಲಾಯಿಸಬೇಕೆಂದು ಒಯ್ದದ್ದು. ಆಮೇಲೆ ಅವನು ಮೂರು ಮನೆ ಬದಲಾಯಿಸಿದ್ದ, ಏಣಿಯೂ ಮನೆಯವರಲ್ಲಿ ಒಬ್ಬರಂತೆ ಅವರ ಸಂಗಡವೇ ಹೋಗುತ್ತಿತ್ತು. ಪಕ್ಕದ ಮನೆಯವರ ಕಾಂಪೌಂಡು ಗೋಡೆಯನ್ನು ಎರಡು ಭಾನುವಾರ ಪುಕ್ಕಟೆ ಕಟ್ಟಿಕೊಟ್ಟದ್ದೂ ಹೀಗೇ. ಇಲ್ಲ ಎನ್ನಬೇಕಾದಲ್ಲೆಲ್ಲ ಅವನು ‘ನೋಡೋಣ’ ಎನ್ನುತ್ತಿದ್ದ. ಕೇಳಿದವರು ಅದನ್ನು ‘ಆಗಲಿ’ ಎಂದೇ ಕೇಳಿಸಿಕೊಳ್ಳುತ್ತಿದ್ದರು. ಅದು ಅವನಿಗೆ ಬಾಲ್ಯದಲ್ಲೇ ಅಂಟಿದ್ದು. ಸಂಜೆ ಕೈಕಾಲು ತೊಳೆದು ತಂದೆ ಮಣೆಯ ಮೇಲೆ ಕೂತು ಪದ್ಯ ಹೇಳುತ್ತಿದ್ದರು. ಮಕ್ಕಳು ಕೆಳಗೆ ನೆಲದ ಮೇಲೆ. ಒಂದೊಂದು ಸಾಲನ್ನೂ ತಂದೆ ಉಸಿರು ತುಂಬಿ ಎತ್ತಿ, ನಡುವೆ ಒಂದು ಕಡೆ ನಿಲ್ಲಿಸಿ, ಮೆಲ್ಲಗೆ ಕೆಳಕ್ಕೆ ಬಿಡುತ್ತಿದ್ದರು. ಅರ್ಥವಾಗದಿದ್ದರೆ ನಡುವೆ ಕೇಳುವ ಹಾಗಿಲ್ಲ. ಮುಗಿದ ಮೇಲೆ ಕೇಳಬಹುದಿತ್ತು, ಆದರೆ ಮುಗಿಯುವ ಹೊತ್ತಿಗೆ ಕಿವಿ ಎಷ್ಟು ತುಂಬಿರುತ್ತಿತ್ತೆಂದರೆ ಪ್ರಶ್ನೆ ಎಲ್ಲಿ ಕರಗಿತೆಂದು ತಿಳಿಯುತ್ತಿರಲಿಲ್ಲ. ಹಿರಿಯರು ಮೇಲೆ, ಕಿರಿಯರು ಕೆಳಗೆ. ಮಾತು ಮೇಲಿಂದ ಕೆಳಕ್ಕೆ ಹರಿಯುತ್ತದೆ, ನೀರಿನ ಹಾಗೆ. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಕಲಿಸಿದ್ದರೆ ಮರೆಯಬಹುದಿತ್ತು.

ತಿಂಡಿ ತಿಂದು, ಗದ್ದದ ಗಾಯಕ್ಕೆ ಒಂದು ಚೂರು ಕಾಗದ ಅಂಟಿಸಿಕೊಂಡು ಹೊರಟ. ಈ ತಿಂಗಳ ಕೊನೆಗೆ ಅವನಿಗೆ ಅರವತ್ತು ತುಂಬಿ ಕೆಲಸದಿಂದ ಬಿಡುಗಡೆ. ಇವತ್ತು ನಿಲ್ಲಿಸಬೇಕಾದ ಕಲ್ಲೇ ಅವನ ಕೊನೆಯ ದೊಡ್ಡ ಕೆಲಸ. ಹಾಗೆ ನೋಡಿದರೆ ಹತ್ತೊಂಬತ್ತು ವರ್ಷದ ಹಿಂದೆ ಅದೇ ಅವನ ಮೊದಲ ದೊಡ್ಡ ಕೆಲಸವೂ ಆಗಿತ್ತು. ಹಾದಿಯಲ್ಲಿ ಟೈಲರ್ ಅಂಗಡಿಯ ಮುಂದೆ ನಲ್ಲಿಯ ಪೈಪು ಸೋರಿ ನೀರು ರಸ್ತೆಯಂಚಿನ ಮರಳಿನಲ್ಲಿ ಸಣ್ಣ ಹೊಳೆಯಾಗಿ ಹರಿಯುತ್ತಿತ್ತು. ಅವನು ಎಷ್ಟು ಅವಸರದಲ್ಲಿದ್ದರೂ ಇಲ್ಲಿ ನಿಲ್ಲದೆ ಹೋದವನಲ್ಲ. ನೀರು ಮೊದಲು ಹರಳುಗಳನ್ನು ಉರುಳಿಸಿ ತಂದು, ಭಾರ ತಡೆಯಲಾರದೆ ಬುಡದಲ್ಲೇ ಬಿಟ್ಟುಬಿಡುತ್ತಿತ್ತು. ಆಮೇಲೆ ನುಣ್ಣನೆಯ ಮರಳು ದಿಬ್ಬದ ಬೆನ್ನೇರಿ ಬಂದು, ಮುಂದಿನ ಇಳಿಜಾರಿನಲ್ಲಿ ಜರ್ರೆಂದು ಜಾರಿ ಕೂರುತ್ತಿತ್ತು. ಒಂದು ಸಲ ಜಾರಿದರೆ ಒಂದು ಓರೆ ಗೆರೆ. ಗೆರೆಯ ಕಾಲು ಮೆಲ್ಲಗೆ ನೆಲಕ್ಕೆ ಚಾಚಿಕೊಂಡಿರುತ್ತದೆ, ಮಲಗಿದವರು ಕಾಲು ನೀಡಿದಂತೆ. ತಲೆಯನ್ನು ಮಾತ್ರ ಮುಂದಿನ ಸಲದ ನೀರು ಬಂದು ಕತ್ತರಿ ಆಡಿಸಿದಂತೆ ಸವರಿಕೊಂಡು ಹೋಗುತ್ತದೆ. ಮತ್ತೆ ಹರಳು, ಮತ್ತೆ ಮರಳು, ಮತ್ತೆ ಓರೆ ಗೆರೆ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ಪ್ರಾಸ ಮರಳಿ ಬರುವ ಹಾಗೆ ಪ್ರತಿ ಪದರದ ಬುಡದಲ್ಲೂ ಹರಳು ಬಂದೇ ಬರುತ್ತಿತ್ತು. ಟೈಲರ್ ಮಿಷಿನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ.

“ಏನ್ ಮೇಸ್ತ್ರಿ, ಏನಾದ್ರೂ ಬಿದ್ದೋಯ್ತಾ?”

“ಏನೂ ಇಲ್ಲಪ್ಪ, ಹೊಳೆ ನೋಡ್ತಿದ್ದೆ.”

“ಹೊಳೇನಾ! ಪೈಪು ರಿಪೇರಿ ಮಾಡಿಸಿ ಅಂತ ನಾನು ಎರಡು ತಿಂಗಳಿಂದ ಅರ್ಜಿ ಕೊಡ್ತಿದ್ದೀನಿ, ನೀವು ಹೊಳೆ ಅಂತೀರಲ್ಲ. ನೀವೇ ಒಂದಿಷ್ಟು ಸಿಮೆಂಟ್ ಮೆತ್ತಬಾರದಾ?”

“ನೋಡೋಣ,” ಎಂದು ಮೇಸ್ತ್ರಿ ಮುಂದೆ ನಡೆದ. ಮುಗಿಯಿತು, ಈ ಭಾನುವಾರವೂ ಹೋಯಿತು.

ಕಲ್ಲಿನ ಮ್ಯೂಸಿಯಮ್ಮಿನ ದೊಡ್ಡ ಹಾಲಿನಲ್ಲಿ ತೇವದ ವಾಸನೆ ಇತ್ತು. ಗೋಡೆಗೆ ನೀರು ಜಿನುಗಿ ಸುಣ್ಣ ಹಪ್ಪಳದಂತೆ ಎದ್ದಿದ್ದರಿಂದ ಕಲ್ಲನ್ನು ಕೆಳಗಿಳಿಸಿ, ಗೋಡೆಯನ್ನು ಹೊಸದಾಗಿ ಗಿಲಾವು ಮಾಡಿ ಎರಡು ವಾರವಾಗಿತ್ತು. ಕಲ್ಲು ನೆಲದ ಮೇಲೆ ಎರಡು ಮರದ ದಿಮ್ಮಿಗಳ ಆಸರೆಯಲ್ಲಿ, ಮೂರು ಕಾಲಿನ ಕಂಬಕ್ಕೆ ಬಿಗಿದ ಚೈನ್ ಪುಲ್ಲಿಯ ಕೆಳಗೆ ನಿಂತಿತ್ತು. ಒಂದಾಳು ಎತ್ತರ, ಅಷ್ಟೇ ಅಗಲ, ಚಚ್ಚೌಕ. ಜೇನಿನ ಬಣ್ಣದಲ್ಲಿ ಇಟ್ಟಿಗೆಯ ಕೆಂಪು ಗೆರೆಗಳು, ಸಾಲು ಸಾಲಾಗಿ, ಕಪಾಟಿನಲ್ಲಿ ಒರಗಿ ಬಿದ್ದ ಪುಸ್ತಕಗಳಂತೆ ಎಲ್ಲವೂ ಒಂದೇ ಕಡೆಗೆ ಓರೆ. ಪಕ್ಕದಲ್ಲಿ ಒರಗಿಸಿಟ್ಟ ಹಿತ್ತಾಳೆಯ ಫಲಕದಲ್ಲಿ ‘ನದಿಮರಳುಗಲ್ಲು, ಕ್ರಿಟೇಶಿಯಸ್ ಕಾಲ, ಸುಮಾರು ಹತ್ತು ಕೋಟಿ ವರ್ಷ’ ಎಂದಿತ್ತು. ಮೊದಮೊದಲು ಅವನಿಗೆ ಆ ಹೆಸರು ನಾಲಿಗೆಗೆ ಹೊರಳದೆ ‘ಕಿರಿಟೇಶ’ ಎನ್ನುತ್ತಿದ್ದ. ಹತ್ತು ಕೋಟಿ ವರ್ಷದ ಮುದುಕನಿಗೆ ‘ಕಿರಿ’ ಎಂದು ಹೆಸರಿಟ್ಟವರು ಯಾರಿರಬಹುದೆಂದು ನಗುತ್ತಿದ್ದ. ಆಗ ಅವನು ಈ ಕಲ್ಲಿನ ಮುಂದೆ ನಗಬಲ್ಲವನಾಗಿದ್ದ.

“ಮೇಸ್ತ್ರಿ, ಇದು ನೋಡಿ,” ಎಂದು ಹೊಸ ಸಾಹೇಬರು ಬಂದರು. ಮೇಸ್ತ್ರಿಗೆ ಮಗನಾಗುವಷ್ಟು ವಯಸ್ಸು, ಕೈಯಲ್ಲಿ ಕಲ್ಲು ಗೋಡೆಯ ಮೇಲಿದ್ದಾಗ ತೆಗೆದ ಹಳೆಯ ಫೋಟೋ. ಅದನ್ನು ಹೊಸ ಗೋಡೆಯ ಮೇಲೆ ನಾಲ್ಕೂ ಮೂಲೆಗೆ ಟೇಪು ಹಚ್ಚಿ ಅಂಟಿಸಿದರು. “ಹೀಗೇ ಇರಬೇಕು. ಒಂದು ಗೆರೆ ಆಕಡೆ ಈಕಡೆ ಆಗಬಾರದು. ಹನ್ನೊಂದು ಗಂಟೆಗೆ ದೊಡ್ಡ ಮೇಡಂ ಬರ್ತಿದ್ದಾರೆ. ಅವರ ಕಣ್ಣೆದುರಿಗೇ ಕೂರಿಸೋಣ. ಅವರು ಮೊದಲಿನ ಹಾಗೇ ಇದೆ ಅಂದ್ರೆ ನನಗೆ ಸಮಾಧಾನ.”

“ಮೊದಲಿನ ಹಾಗೇ,” ಎಂದ ಮೇಸ್ತ್ರಿ.

“ಹೌದು. ಫೋಟೋದಲ್ಲಿರೋ ಹಾಗೆ.”

“ಸಾರ್, ಹತ್ತು ಕೋಟಿ ವರ್ಷದ ಮೊದಲಿನ ಹಾಗೋ, ಹತ್ತೊಂಬತ್ತು ವರ್ಷದ ಮೊದಲಿನ ಹಾಗೋ?” ಈ ಮಾತು ಗಂಟಲಿನವರೆಗೆ ಬಂದು, ಅಲ್ಲಿ ಸ್ವಲ್ಪ ಹೊತ್ತು ಕೂತು, ಎಂದಿನಂತೆ ಕೆಳಗಿಳಿಯಿತು. “ಆಗಲಿ ಸಾರ್,” ಎಂದ. ಕೆಲಸಕ್ಕೆ ಬಂದ ನಾಲ್ವರು ಆಳುಗಳು ಕಂಬದ ಕಾಲು ಬಿಗಿಮಾಡುತ್ತಿದ್ದರು. ಅವರಿಗೆ ಕಲ್ಲು ಹೇಗೆ ನಿಂತರೂ ಒಂದೇ. ಅವನ ಲೆಕ್ಕಾಚಾರ ಇದ್ದದ್ದೇ ಅಲ್ಲಿ: ಎತ್ತುವಾಗ ಅರ್ಧ ಸುತ್ತು ತಿರುಗಿಸಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ತಲೆಕೆಳಗು ಮಾಡಿದರೂ ಗೆರೆಗಳು ವಾಲುವುದು ಅದೇ ಬಲಗಡೆಗೇ. ಅದೇ ಅದರ ಮೋಸ. ಹತ್ತೊಂಬತ್ತು ವರ್ಷ ಯಾರೂ ಹಿಡಿಯದಿದ್ದದ್ದೂ ಅದಕ್ಕೇ. ಆದರೆ ಹಾಳಾದ ಫೋಟೋ ಈಗ ಗೋಡೆಯ ಮೇಲೆ ಪೊಲೀಸಿನವನ ಹಾಗೆ ಕಾವಲು ನಿಂತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಕಲ್ಲು ನಿಲ್ಲಿಸಿದ ಆ ದಿನ ಮೇಡಂ ಜ್ವರದಲ್ಲಿ ಮಲಗಿದ್ದರು. ಬೆಟ್ಟದಿಂದ ಕಲ್ಲು ಕೊಯ್ಯಿಸಿ ಲಾರಿಯಲ್ಲಿ ತರಿಸಿದವರು ಅವರೇ. ‘ಎಲ್ಲ ಬರೆದಿಟ್ಟಿದ್ದೀನಿ, ನೋಡ್ಕೊಂಡು ನಿಲ್ಲಿಸಿ’ ಎಂದು ಹೇಳಿ ಕಳಿಸಿದ್ದರು. ನೋಡಿದರೆ ಕಲ್ಲಿನ ಒಂದು ಅಂಚಿನಲ್ಲಿ ಸೀಮೆಸುಣ್ಣದಲ್ಲಿ ‘ಹಿರಿಯ’ ಎಂದೂ ಎದುರಿನ ಅಂಚಿನಲ್ಲಿ ‘ಕಿರಿಯ’ ಎಂದೂ ದುಂಡಗೆ ಬರೆದಿತ್ತು. ಅಷ್ಟೇ. ಬಾಣವಿಲ್ಲ, ಮೇಲೆ ಕೆಳಗೆ ಎಂಬ ಮಾತಿಲ್ಲ. ಮೇಸ್ತ್ರಿಗೆ ಬಾಣ ಬೇಕಾಗಿಯೂ ಇರಲಿಲ್ಲ. ಓದಿ ತಿಳಿದವರು ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಮನಸ್ಸು ತುಂಬಿತು. ಹಿರಿಯರನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ಯಾರು ಹೇಳಿಕೊಡಬೇಕು? ಆರು ಜನ ಚೈನು ಎಳೆದು, ‘ಹಿರಿಯ’ವನ್ನು ಮೇಲೆತ್ತಿ, ‘ಕಿರಿಯ’ವನ್ನು ಅದರ ಕಾಲಡಿಗೆ ಕೂರಿಸಿ, ರಸಮಟ್ಟ ಇಟ್ಟು ನೋಡಿ, ಕೊಕ್ಕೆ ಬಿಗಿದು, ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು. ಉದ್ಘಾಟನೆಯ ದಿನ ಹೊಸ ಅಂಗಿ ಹಾಕಿಕೊಂಡು ಹಾಲಿನ ಹಿಂದುಗಡೆ ನಿಂತಿದ್ದ. ಮೇಡಂ ಭಾಷಣ ಓದಿದರು. ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ತನ್ನದೇ ಕಲ್ಲಿಗೆ ತಾನೇ ತಟ್ಟಬಹುದೋ ಬಾರದೋ ಎಂದು ಸ್ವಲ್ಪ ನಾಚಿಕೆಪಡುತ್ತ.

ಮೂರು ತಿಂಗಳು ಕಳೆದು ಅದೇ ಹಾಲಿನ ಮೆಟ್ಟಿಲಿಗೆ ಸಿಮೆಂಟು ಹಚ್ಚುತ್ತ ಕೂತಿದ್ದಾಗ ಮೇಡಂ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಬಂದರು. ದೊಡ್ಡ ಕಲ್ಲಿಗೆ ಬೆನ್ನು ಹಾಕಿ, ಮೇಜಿನ ಮೇಲಿದ್ದ ಮೊಳದುದ್ದದ ಸಣ್ಣ ಕಲ್ಲೊಂದನ್ನು ತೋರಿಸಿ ಹೇಳಿದರು: ‘ಮೊದಲು ಬಂದು ಕೂತ ಪದರ ಹಿರಿಯದು, ಅದು ಕೆಳಗೆ. ಆಮೇಲೆ ಬಂದದ್ದು ಕಿರಿಯದು, ಅದು ಹಿರಿಯನ ತಲೆ ಮೇಲೆ. ಕಲ್ಲಿನ ಸಂಸಾರದಲ್ಲಿ ಮೊಮ್ಮಕ್ಕಳು ಯಾವಾಗಲೂ ಅಜ್ಜನ ಹೆಗಲ ಮೇಲೇ.’ ಮಕ್ಕಳು ಗೊಳ್ಳೆಂದು ನಕ್ಕರು. ಮೇಸ್ತ್ರಿಯ ಕರಣೆ ಸಿಮೆಂಟಿನಲ್ಲಿ ಹುಗಿದು ನಿಂತಿತು. ಅವನು ಮೆಲ್ಲಗೆ ತಲೆಯೆತ್ತಿ ದೊಡ್ಡ ಕಲ್ಲನ್ನು ನೋಡಿದ. ಪ್ರತಿ ಪದರದ ಹರಳುಗಳೂ ಮೇಲ್ಗಡೆ, ಹಾಲಿನ ಮಾಡಿಗೆ ಜೋತುಬಿದ್ದ ಬಾವಲಿಗಳಂತೆ. ಜಲ್ಲಿ ಕೆಳಗೆ ಕೂರುತ್ತದೆ, ಮರಳು ಮೇಲೆ ನಿಲ್ಲುತ್ತದೆ. ಹದಿನಾರನೆಯ ವಯಸ್ಸಿನಿಂದ ಜಲ್ಲಿ ಮರಳು ಕಲಸಿದ ಕೈಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈಗೆ ಗೊತ್ತಿದ್ದದ್ದನ್ನು ಒಂದು ಪದ ಬಂದು ಅಳಿಸಿಬಿಟ್ಟಿತ್ತು. ಪದವನ್ನು ನಂಬಿ ಬೆಳೆದವನು ಅವನು. ಆ ಸಂಜೆ ಕಲ್ಲಿನ ಮುಂದೆ ನಿಂತಾಗ ತಂದೆಯ ಪದ್ಯವನ್ನು ಯಾರೋ ಕೊನೆಯ ಪದದಿಂದ ಮೊದಲ ಪದಕ್ಕೆ ಓದುತ್ತಿದ್ದಂತೆ ಕೇಳಿಸಿತು. ಲಯ ಇದ್ದ ಹಾಗೇ ಇತ್ತು, ಗೊತ್ತಿಲ್ಲದವರಿಗೆ ಅದೂ ಪದ್ಯವೇ. ಆದರೆ ಗೊತ್ತಿದ್ದವನ ಕಿವಿಗೆ ಅದರ ಒಂದೊಂದು ಅಕ್ಷರವೂ ಚುಚ್ಚುತ್ತಿತ್ತು.

ಹೇಳಿಬಿಡಬೇಕಿತ್ತು. ಮರುದಿನ ಹೇಳೋಣ ಎಂದುಕೊಂಡ, ಮರುದಿನ ಮೇಡಂ ಮೀಟಿಂಗಿನಲ್ಲಿದ್ದರು. ಸೋಮವಾರ ಎಂದುಕೊಂಡ, ಸೋಮವಾರ ಅವರ ಮುಖ ಸರಿಯಿರಲಿಲ್ಲ. ಅವರು ಬಡ್ತಿ ಪಡೆದರು, ನಿವೃತ್ತರಾದರು, ಅವರ ಪುಸ್ತಕ ಬಂತು. ಪುಸ್ತಕದ ಹೊದಿಕೆಯ ಮೇಲೆ ಅವನ ತಪ್ಪು ಬಣ್ಣದಲ್ಲಿ ಅಚ್ಚಾಗಿ ಬಂತು. ಇನ್ನೇನು ಬಾಯಿ ಬಿಡುವುದು! ಒಂದು ದಿನ, ಯಾರೂ ಇಲ್ಲದಿದ್ದಾಗ, ಕಲ್ಲಿಗೆ ಬೆನ್ನು ಹಾಕಿ ಬಗ್ಗಿ, ಎರಡು ಕಾಲುಗಳ ನಡುವಿನಿಂದ ಅದನ್ನು ನೋಡಿದ. ಅಬ್ಬ, ಅದೆಂಥ ನೆಮ್ಮದಿ! ಹರಳುಗಳು ಬುಡಕ್ಕಿಳಿದವು, ಗೆರೆಗಳು ಕಾಲು ನೀಡಿ ಮಲಗಿದವು, ಹೊಳೆ ಹರಿಯತೊಡಗಿತು. ಆಮೇಲೆ ಅದೊಂದು ಚಟವಾಯಿತು. ಒಮ್ಮೆ ಹಾಗೇ ಬಗ್ಗಿದ್ದಾಗ ಕಾಲುಗಳ ನಡುವೆ ಹೊಳೆಯ ಪಕ್ಕದಲ್ಲಿ ಕಾವಲುಗಾರನ ಮುಖ ತಲೆಕೆಳಗಾಗಿ ಕಾಣಿಸಿತು. ‘ಬೆನ್ನುನೋವು’ ಎಂದ. ‘ಇಷ್ಟು ಜೋರಾ?’ ಎಂದ ಕಾವಲುಗಾರ. ಅವತ್ತಿನಿಂದ ಮ್ಯೂಸಿಯಮ್ಮಿನಲ್ಲಿ ಅವನ ಹೆಸರು ಬಗ್ಗು ಮೇಸ್ತ್ರಿ.

ಮತ್ತೊಂದು ಭಾನುವಾರ ಹೆಂಡತಿಗೆ ಯಾರದೋ ಗೋಡೆಯ ಕೆಲಸ ಎಂದು ಸುಳ್ಳು ಹೇಳಿ, ಡಬ್ಬಿ ಕಟ್ಟಿಸಿಕೊಂಡು, ಎರಡು ಬಸ್ಸು ಬದಲಾಯಿಸಿ ಆ ಬೆಟ್ಟಕ್ಕೇ ಹೋಗಿದ್ದ. ಬೆಟ್ಟವೆಂದರೆ ಬೆಟ್ಟವಲ್ಲ, ಒಂದು ಮೈಲಿ ಉದ್ದಕ್ಕೆ ಕೊಯ್ದು ನಿಲ್ಲಿಸಿದ ಗೋಡೆ, ಎಲ್ಲ ಅದೇ ಜೇನು ಬಣ್ಣ, ಅದೇ ಕೆಂಪು. ಕಟ್ಟಿದವರು ಯಾರೂ ಇಲ್ಲದ ಗೋಡೆ. ಒಂದು ಹೊಳೆಯಲ್ಲ, ಜಡೆಯ ಎಳೆಗಳಂತೆ ಕೂಡುತ್ತ ಬಿಡುತ್ತ ಹರಿದ ನೂರು ಹೊಳೆಗಳು, ಒಂದರ ಮರಳಿನ ಮೇಲೆ ಇನ್ನೊಂದು ಮಗ್ಗುಲು ಬದಲಿಸಿ ಮಲಗುತ್ತ, ಲಕ್ಷಾಂತರ ವರ್ಷ ಹಾಸಿಟ್ಟ ಹಾಸಿಗೆ. ಮನುಷ್ಯರಿರಲಿಲ್ಲ, ಮಾತಿರಲಿಲ್ಲ, ಆದರೆ ಹೇಳಬೇಕಾದ್ದನ್ನೆಲ್ಲ ಒಂದೂ ತಪ್ಪಿಲ್ಲದೆ ಹೇಳಿ ಮುಗಿಸಿತ್ತು. ಅವನು ಚಪ್ಪಲಿ ಬಿಟ್ಟು ಹತ್ತಿರ ಹೋದ. ಗೋಡೆಯ ನಡುವೆ ಒಂದು ಚಚ್ಚೌಕದ ಹಳ್ಳ, ಹಲ್ಲು ಕಿತ್ತ ಬಾಯಿಯ ಹಾಗೆ; ಕಲ್ಲನ್ನು ಕೊಯ್ದದ್ದು ಅಲ್ಲಿಂದಲೇ. ಹಳ್ಳದ ಎಡಕ್ಕೂ ಬಲಕ್ಕೂ ಸಾಲುಗಳು ನಡುವೆ ತುಂಡಾಗಿ ನಿಂತಿದ್ದವು, ಮರೆತ ಪದಕ್ಕಾಗಿ ತಂದೆ ಅರೆಕ್ಷಣ ಕಣ್ಣು ಮುಚ್ಚುತ್ತಿದ್ದ ಹಾಗೆ. ಅಲ್ಲಿ ಕೂತು ಡಬ್ಬಿ ಬಿಚ್ಚಿ ತಿಂದ. ಅಳು ಬರಬೇಕಿತ್ತು. ಯಾಕೋ ಹಸಿವೇ ಜೋರಾಗಿತ್ತು, ಗಾಳಿ ಚೆನ್ನಾಗಿತ್ತು. ಇಷ್ಟು ದೊಡ್ಡದರಲ್ಲಿ ಒಂದು ತುಂಡು ತಲೆಕೆಳಗಾದರೆ ಹೊಳೆಗೆ ಏನೂ ಆಗುವುದಿಲ್ಲ ಅನ್ನಿಸಿ ಮನಸ್ಸು ಹಗುರಾಯಿತು. ಬಸ್ಸು ಹತ್ತುವಾಗ, ಹೊಳೆಗೆ ಆಗುವುದಿಲ್ಲ, ನನಗೆ ಆಗುತ್ತದಲ್ಲ ಅನ್ನಿಸಿ ಮತ್ತೆ ಭಾರವಾಯಿತು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಊರುಗೋಲಿನ ಟಕ್ ಟಕ್ ಸದ್ದು ಕೇಳಿಸಿತು. ಮೇಡಂ ಕುಗ್ಗಿ ಸಣ್ಣವರಾಗಿದ್ದರು, ಆದರೆ ಬಾಯಲ್ಲಿ ಅದೇ ಪೆಪ್ಪರ್‌ಮಿಂಟು. ಹೊಸ ಸಾಹೇಬರು ಕುರ್ಚಿ ತರಿಸಿ, ಕಲ್ಲಿನ ಎದುರಿಗೇ ಹಾಕಿಸಿ, ಐದು ನಿಮಿಷ ಹೊಗಳಿ, ಫೋನ್ ಬಂದದ್ದರಿಂದ ಹೊರಗೆ ಹೋದರು. ಆಳುಗಳು ಇದೇ ಸಮಯವೆಂದು ಚಹಾಕ್ಕೆ ಎದ್ದರು. ಹಾಲಿನಲ್ಲಿ ಕಲ್ಲು, ಮೇಡಂ ಮತ್ತು ಮೇಸ್ತ್ರಿ ಉಳಿದರು. ಮೇಡಂ ಕುರ್ಚಿಯಲ್ಲಿ ಕೂತವರು ಕಲ್ಲನ್ನು ನೋಡದೆ ಕಿಟಕಿ ನೋಡುತ್ತಿದ್ದರು. ಈಗ, ಎಂದುಕೊಂಡ ಮೇಸ್ತ್ರಿ. ಬೆಳಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ.

“ಅಮ್ಮಾ, ಒಂದು ವಿಷಯ…”

“ಮೇಸ್ತ್ರಿ, ಒಂದು ಮಾತು…”

ಇಬ್ಬರೂ ಒಟ್ಟಿಗೇ ಅಂದರು, ಇಬ್ಬರೂ ಒಟ್ಟಿಗೇ ಮಾತು ನಿಲ್ಲಿಸಿದರು.

“ನೀವು ಹೇಳಿ ಅಮ್ಮಾ.”

“ಇಲ್ಲ ಇಲ್ಲ, ನೀವೇ ಮೊದಲು ಬಾಯಿ ತೆಗೆದದ್ದು.”

“ನೀವು ಹಿರಿಯರು.”

“ಅಯ್ಯೋ, ಆ ಪದ ಮಾತ್ರ ಎತ್ತಬೇಡಿ!” ಎಂದರು ಮೇಡಂ, ಎಷ್ಟು ಜೋರಾಗಿ ಎಂದರೆ ಪೆಪ್ಪರ್‌ಮಿಂಟು ಗಂಟಲಿಗೆ ಹೋಗಿ ಕೆಮ್ಮು ಬಂತು. ಮೇಸ್ತ್ರಿ ನೀರು ತಂದುಕೊಟ್ಟ. ಅವರು ಕುಡಿದು, ಕಣ್ಣೊರೆಸಿಕೊಂಡು, ಲೋಟ ಹಿಂದೆ ಕೊಡುವಾಗ ಅವನು ಲೋಟಕ್ಕೇ ಹೇಳಿದ:

“ಈ ಕಲ್ಲು ತಲೆಕೆಳಗಾಗಿದೆ ಅಮ್ಮಾ. ನಿಲ್ಲಿಸಿದ್ದು ನಾನೇ. ಮೂರು ತಿಂಗಳಿಗೇ ಗೊತ್ತಾಯ್ತು. ಹೇಳಲಿಲ್ಲ.”

“ನನಗೆ ಮೂರು ನಿಮಿಷಕ್ಕೇ ಗೊತ್ತಾಯ್ತು,” ಎಂದರು ಮೇಡಂ.

ಚೈನು ತನ್ನಷ್ಟಕ್ಕೆ ಒಂದು ಸಲ ಕಿರುಗುಟ್ಟಿತು.

“ಉದ್ಘಾಟನೆ ದಿನ ಪರದೆ ಸರಿಸಿದ್ರಲ್ಲ, ಆಗಲೇ. ಕೈಯಲ್ಲಿ ಬರೆದು ತಂದ ಭಾಷಣ ಇತ್ತು, ಓದಿಬಿಟ್ಟೆ. ‘ಈ ಪುರಾತನ ಹೊಳೆ ನಮಗೆ ಸತ್ಯ ಹೇಳುತ್ತೆ’ ಅಂತೆಲ್ಲ ಇತ್ತು ಅದರಲ್ಲಿ. ಓದುತ್ತಾ ಇದ್ದೀನಿ, ಕಿವಿ ಬಿಸಿಯಾಗ್ತಾ ಇದೆ. ಅತಿಥಿಗಳು ಹೋದ ಮೇಲೆ ಹೇಳೋಣ ಅಂತ ತಿರುಗಿದ್ರೆ ನೀವು ಹಿಂದುಗಡೆ ನಿಂತಿದ್ರಿ. ಹೊಸ ಅಂಗಿ. ಕಾಲರಿನ ಬೆಲೆಚೀಟಿ ಕೂಡ ಕಿತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಾ ಇದ್ರಿ. ಹೇಗೆ ಹೇಳಲಿ?”

“ಬೆಲೆಚೀಟಿ ಇತ್ತಾ?” ಎಂದ ಮೇಸ್ತ್ರಿ. ಇಷ್ಟೆಲ್ಲದರಲ್ಲಿ ಅದೇ ಅವನಿಗೆ ಹೆಚ್ಚು ನಾಟಿತು.

“ಇತ್ತು. ಆಮೇಲೆ ಯೋಚಿಸಿದ್ರೆ ತಪ್ಪು ನಿಮ್ಮದಲ್ಲ, ನನ್ನದು. ಒಂದು ಬಾಣ ಹಾಕಿದ್ರೆ ಮುಗೀತಿತ್ತು. ಚಂದ ಕಾಣಲಿ ಅಂತ ಹಿರಿಯ ಕಿರಿಯ ಅಂತ ಬರೆದೆ. ಯಾರಾದ್ರೂ ಮರ್ಯಾದಸ್ಥರು ಹಿರಿಯರನ್ನ ಕೆಳಗೆ ಹಾಕ್ತಾರಾ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಹತ್ತೊಂಬತ್ತು ವರ್ಷ ಆಯ್ತು. ಅದಕ್ಕೇ ಅಲ್ವಾ ನಾನು ಯಾವತ್ತೂ ಇದಕ್ಕೆ ಬೆನ್ನು ಹಾಕಿ ಪಾಠ ಮಾಡಿದ್ದು.”

ಮೇಸ್ತ್ರಿಗೆ ಆ ಬೆನ್ನು ನೆನಪಾಯಿತು. ಎಷ್ಟು ಸಲ ನೋಡಿದ್ದ ಅದನ್ನು! ಅವರು ನೋಡಿಲ್ಲ, ಅವರಿಗೆ ಗೊತ್ತಿಲ್ಲ ಎಂದು ಆ ಬೆನ್ನಿಗೆ ಕೈ ಮುಗಿದಿದ್ದ. ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಹೆದರಿಕೊಂಡು ಒಂದೇ ಮಂಚದ ಕೆಳಗೆ ಅಡಗಿದ್ದ ಹಾಗಾಗಿತ್ತು. ಮೊದಲು ನಕ್ಕದ್ದು ಯಾರೋ ತಿಳಿಯದು. ಮೇಡಂ ಊರುಗೋಲನ್ನು ನೆಲಕ್ಕೆ ಕುಟ್ಟುತ್ತ ನಕ್ಕರು. ಮೇಸ್ತ್ರಿ ಕಂಬ ಹಿಡಿದುಕೊಂಡು, ಗದ್ದಕ್ಕೆ ಅಂಟಿದ್ದ ಕಾಗದದ ಚೂರು ಉದುರುವಷ್ಟು ನಕ್ಕ. ತಪ್ಪು ಗೊತ್ತಾದ ಮೇಲೆ ಈ ಕಲ್ಲಿನ ಮುಂದೆ ಅವನು ನಕ್ಕದ್ದು ಇದೇ ಮೊದಲು.

“ನಾನು ಬಗ್ಗಿ ನೋಡ್ತಿದ್ದೆ ಅಮ್ಮಾ, ಕಾಲ್ಗಳ ನಡುವೆ. ಬಗ್ಗು ಮೇಸ್ತ್ರಿ ಅಂತಾರೆ ನನ್ನ.”

“ಗೊತ್ತು, ಕಾವಲುಗಾರ ಹೇಳಿದ್ದ. ನನಗೆ ಬಗ್ಗೋಕಾಗಲ್ಲ. ಅದಕ್ಕೆ ಮನೆ ಗೋಡೆ ಮೇಲೆ ಇದರ ಫೋಟೋ ತಲೆಕೆಳಗಾಗಿ ನೇತುಹಾಕಿದ್ದೀನಿ. ಬಂದೋರೆಲ್ಲ ಅಮ್ಮನಿಗೆ ಕಣ್ಣು ಮಂಜಾಯ್ತು ಅಂತ ಸರಿಮಾಡಿ ಹೋಗ್ತಾರೆ. ಅವರು ಹೋದ ಮೇಲೆ ನಾನು ಮತ್ತೆ ಸರಿಮಾಡ್ತೀನಿ.”

ನಗು ಮೆಲ್ಲಗೆ ಇಳಿಯಿತು. ಕಿಟಕಿಯ ಬಿಸಿಲು ಕಲ್ಲಿನ ಮೇಲಕ್ಕೆ ಬಂದು ಹರಳುಗಳು ಒಂದೊಂದಾಗಿ ಹೊಳೆದವು, ಮೇಲೆ, ಇರಬಾರದ ಕಡೆ. ಮೇಸ್ತ್ರಿ ಅಂಗೈ ಒರೆಸಿಕೊಂಡು ಚೈನಿನ ಹತ್ತಿರ ಹೋದ. ಮೈ ಎಷ್ಟು ಹಗುರಾಗಿತ್ತೆಂದರೆ ಕಲ್ಲನ್ನು ಒಬ್ಬನೇ ಎತ್ತಿಬಿಡಬಹುದು ಅನ್ನಿಸಿತು.

“ಹಾಗಾದ್ರೆ ಈಗಲೇ ತಿರುಗಿಸಿಬಿಡೋಣ. ಸಾಹೇಬರಿಗೆ ನೀವೊಂದು ಮಾತು ಹೇಳಿದ್ರೆ ಸಾಕು.”

ಮೇಡಂ ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಅವರ ಮುಖದಲ್ಲಿ ಅವನು ಎಂದೂ ಕಾಣದಿದ್ದದ್ದೊಂದು ಕಂಡಿತು. ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಆಮೇಲೆ ಗೊತ್ತಾಯಿತು. ಅದು ಅವನದೇ ಮುಖ. ಸೋಮವಾರ ಹೇಳೋಣ ಎಂದುಕೊಳ್ಳುವ ಮುಖ.

“ಬೇಡ ಮೇಸ್ತ್ರಿ. ತಿರುಗಿಸಿದ್ರೆ ಯಾಕೆ ಅಂತ ಕೇಳ್ತಾರೆ. ಪೇಪರಿನಲ್ಲಿ ಬರುತ್ತೆ. ನನ್ನ ಪುಸ್ತಕದ ಮೇಲೂ ಇದೇ ಫೋಟೋ. ನನ್ನ ಹತ್ತಿರ ಓದಿದೋರು ಈಗ ದೊಡ್ಡ ದೊಡ್ಡ ಜಾಗದಲ್ಲಿದ್ದಾರೆ, ನಗ್ತಾರೆ. ಈ ವಯಸ್ಸಿನಲ್ಲಿ ಬೇಕಾ? ನಾನಿನ್ನು ಎಷ್ಟು ದಿನ? ನಾನಿರೋ ತನಕ ಹೀಗೇ ಇರಲಿ. ನಾನು ಹೋದ ಮರುದಿನ ಬೇಕಾದ್ರೆ ತಿರುಗಿಸಿ.”

ಎಷ್ಟು ಸುಲಭ! ಅವರೇ ಬೇಡ ಎಂದರು. ತಪ್ಪು ಅವರದೇ ಎಂದೂ ಆಯಿತು. ಫೋಟೋದಲ್ಲಿರುವ ಹಾಗೆ ಕೂರಿಸಿ, ರಸಮಟ್ಟ ಇಟ್ಟು, ಕೊಕ್ಕೆ ಬಿಗಿದು, ತಿಂಗಳ ಕೊನೆಗೆ ಹಾರ ಹಾಕಿಸಿಕೊಂಡು ಮನೆಗೆ ಹೋದರೆ ಆಯಿತು. ಪಾಪ, ಇಳಿವಯಸ್ಸಿನವರು, ಬಾಯಿಬಿಟ್ಟು ಕೇಳುತ್ತಿದ್ದಾರೆ. ತಂದೆ ಮಣೆಯ ಮೇಲಿಂದ ನೋಡುತ್ತಿದ್ದರು. ಆದರೆ ಅವರು ಯಾಕೋ ಪದ್ಯ ಹೇಳುತ್ತಿರಲಿಲ್ಲ, ಸಾಲಿನ ನಡುವೆ ನಿಲ್ಲಿಸಿ, ತಪ್ಪಿದ ಪದಕ್ಕಾಗಿ ಕಣ್ಣು ಮುಚ್ಚಿ ಕೂತಿದ್ದರು, ಬೆಟ್ಟದ ಗೋಡೆಯ ಆ ಚಚ್ಚೌಕದ ಹಳ್ಳದ ಹಾಗೆ. ಮೆಟ್ಟಿಲ ಮೇಲೆ ಕೂತು ಆ ದಿನ 'ಕಲ್ಲಿನ ಸಂಸಾರದಲ್ಲಿ ಮೊಮ್ಮಕ್ಕಳು ಅಜ್ಜನ ಹೆಗಲ ಮೇಲೆ' ಎಂದು ಕೇಳಿಸಿಕೊಂಡದ್ದು ಇವರ ಬಾಯಿಂದಲೇ. ಕೇಳಿಸಿಕೊಂಡದ್ದನ್ನು ಮರೆಯುವ ಕಿವಿಯಲ್ಲ ಅವನದು. ಹೊರಗೆ ಆಳುಗಳ ಚಹಾ ಮುಗಿದ ಮಾತು, ಸಾಹೇಬರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಮೇಸ್ತ್ರಿ ಬಾಯಿ ತೆರೆದ.

“ನೋಡೋಣ ಅನ್ನಬೇಡಿ,” ಎಂದರು ಮೇಡಂ ಅವಸರದಲ್ಲಿ. “ನಿಮ್ಮ ನೋಡೋಣ ನನಗೆ ಗೊತ್ತಿದೆ. ನೀವು ಯಾರ ಮಾತನ್ನೂ ತೆಗೆದುಹಾಕಿದೋರಲ್ಲ. ಆಗುತ್ತೆ ಅಂತ ಒಂದು ಮಾತು ಹೇಳಿಬಿಡಿ, ಸಾಕು.”

ಅವನು ಗೋಡೆಯ ಫೋಟೋವನ್ನು ನಾಲ್ಕೂ ಟೇಪಿನ ಸಮೇತ ಕಿತ್ತು, ಮಡಚದೆ, ತಲೆಕೆಳಗು ಮಾಡಿ ಅವರ ಮಡಿಲಲ್ಲಿಟ್ಟ. ಚೈನನ್ನು ಎರಡು ಕೈಯಲ್ಲಿ ಹಿಡಿದ.

“ಆಗಲ್ಲ ಅಮ್ಮಾ,” ಎಂದ.